ಹಲ್ಲಿಗೆ ಹಾಕಿಸಿಕೊಂಡ ಕೊಂಕಣಿ

ಐವತ್ತು ದಾಟಿದ ಮೇಲೆ ನಾನು ಹಲ್ಲು ನೇರ ಮಾಡಿಸಿಕೊಂಡೆ. ಯಾಕೆ ಎಂದು ಕೇಳಿದವರಿಗೆಲ್ಲ ಬೇರೆ ಬೇರೆ ಕಾರಣ ಹೇಳಿದ್ದೇನೆ. ಆಫೀಸಿನವರಿಗೆ ಹೇಳಿದ್ದು ಒಸಡಿನ ತೊಂದರೆ ಎಂದು. ತಂಗಿಗೆ ಹೇಳಿದ್ದು ಡಾಕ್ಟರು ಬಿಡಲೇ ಇಲ್ಲ ಎಂದು. ಗಂಡನಿಗೆ ಹೇಳಿದ್ದು "ನಿಮಗೇನ ಮಾಡೂದೈತಿ" ಎಂದು. ಇವುಗಳಲ್ಲಿ ಯಾವುದೂ ಪೂರ್ತಿ ಸುಳ್ಳಲ್ಲ; ಆದರೆ ಎಲ್ಲವನ್ನೂ ಕೂಡಿಸಿದರೂ ಒಂದು ನಿಜ ಆಗುವುದಿಲ್ಲ. ದಿನಚರಿ ಬರೆಯುವ ಚಟ ನನಗೆ ಕಾಲೇಜಿನಿಂದಲೂ ಇದೆ. ಹಲ್ಲಿಗೆ ಒಪ್ಪಿಕೊಂಡು ಬಂದ ದಿನ ನಾನೇ ಏನು ಬರೆದುಕೊಂಡಿದ್ದೇನೆ ಎಂದು ತೆಗೆದು ನೋಡಿದರೆ, "ಹಲ್ಲಿನ ಡಾಕ್ಟರು. ಬರುವಾಗ ಬದನೆಕಾಯಿ" ಎಂದಷ್ಟೇ ಇದೆ. ಬದನೆಕಾಯಿ ಯಾಕೆ ತಂದೆ ಎಂಬುದು ಚೆನ್ನಾಗಿ ನೆನಪಿದೆ. ಹಲ್ಲಿನದು ಮಾತ್ರ ನೆನಪಿಲ್ಲ.

ನನ್ನ ಹಲ್ಲು ಸೊಟ್ಟ ಎಂಬುದು ನನಗೆ ಚಿಕ್ಕಂದಿನಿಂದ ಗೊತ್ತಿತ್ತು. ಕೆಳಗಿನ ಸಾಲು, ಪಣಜಿಯಿಂದ ಮಾಪ್ಸಾಕ್ಕೆ ಹೋಗುವ ಸಂಜೆಯ ಬಸ್ಸಿನಲ್ಲಿ ನಿಂತವರ ಹಾಗೆ, ಒಬ್ಬರ ಭುಜದ ಹಿಂದೆ ಇನ್ನೊಬ್ಬರು. ಮೇಲೆ ಎಡಗಡೆ ಹಲ್ಲಿನ ಮೇಲೊಂದು ಹಲ್ಲು. ಗದಗಿನ ನಮ್ಮ ಮನೆಯಲ್ಲಿ ಅದನ್ನು ಯಾರೂ ದೋಷ ಎಂದುಕೊಂಡಿರಲಿಲ್ಲ. "ಹಲ್ಲಿನ ಮ್ಯಾಲ ಹಲ್ಲ ಬಂದಾಕಿ, ಭಾಳ ಪುಣ್ಯವಂತಿ" ಎಂದು ನಮ್ಮ ಅಜ್ಜಿ ನನ್ನ ಗಲ್ಲ ಹಿಡಿದು ಹೇಳುತ್ತಿದ್ದದ್ದು ಕಿವಿಯಲ್ಲಿ ಹಾಗೆಯೇ ಇದೆ. ಮೊನ್ನೆ ತಂಗಿಗೆ ಇದನ್ನು ಹೇಳಿದರೆ ಅವಳು, "ಏ, ಅಜ್ಜಿ ಅದನ್ನ ಹೇಳಿದ್ದು ನನಗ. ನಿನಗ ಆಕಿ ಅಂತಿದ್ದದ್ದು, ಬಾಯಿ ಮುಚ್ಚಿ ನಗ ಅಂತ" ಎಂದಳು. ತಂಗಿಗೆ ಹಲ್ಲಿನ ಮೇಲೆ ಹಲ್ಲು ಇಲ್ಲವೇ ಇಲ್ಲ. ಆದರೂ ಅವಳು ಅಷ್ಟು ಗಟ್ಟಿಯಾಗಿ ಹೇಳಿದ ಮೇಲೆ ನನಗೆ ಅಜ್ಜಿಯ ಕೈ ನನ್ನ ಗಲ್ಲದ ಮೇಲಿತ್ತೋ ಅವಳ ಗಲ್ಲದ ಮೇಲಿತ್ತೋ ಎಂಬ ಅನುಮಾನ ಹತ್ತಿಕೊಂಡಿದೆ. ಫೋಟೋಗಳಲ್ಲೆಲ್ಲ ನಾನು ಬಾಯಿ ಮುಚ್ಚಿಯೇ ನಕ್ಕಿದ್ದೇನೆ ಎಂಬುದು ಬೇರೆ ಮಾತು.

ಗೋವಾದ ಪರ್ವರಿಯಲ್ಲಿರುವ ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ ಹಲ್ಲಿನ ಡಾಕ್ಟರು ಇದ್ದಾರೆ. ನನ್ನ ಮಗಳ ವಯಸ್ಸಿನ ಹುಡುಗಿ. ನಾನು ಹೋಗಿದ್ದು ಹಲ್ಲು ತೊಳೆಸಿಕೊಂಡು ಬರಲು. ಅವಳು ಪೆನ್ನಿನಂಥ ಒಂದು ಕ್ಯಾಮೆರಾವನ್ನು ಬಾಯಿಯೊಳಗೆಲ್ಲ ಓಡಾಡಿಸಿ, ನನ್ನ ದವಡೆಯನ್ನು ಕಂಪ್ಯೂಟರಿನ ಮೇಲೆ ತಂದು ನಿಲ್ಲಿಸಿದಳು. ಮನುಷ್ಯನಿಗೆ ತನ್ನ ಬಾಯಿ ಹೀಗೆ ಹೊರಗಿನಿಂದ, ಮುಖವಿಲ್ಲದೆ, ಗರಗರ ತಿರುಗುವುದನ್ನು ನೋಡುವ ಪ್ರಸಂಗ ಬರಬಾರದು. ಆಮೇಲೆ ಅವಳು ಒಂದು ಗುಂಡಿ ಒತ್ತಿದಳು. ಹಲ್ಲುಗಳು ಒಂದೊಂದಾಗಿ ಸರಿದು, ಹೆಡ್‌ಮಾಸ್ತರರು ಬಂದ ಕೂಡಲೆ ಪ್ರಾರ್ಥನೆಯ ಸಾಲಿಗೆ ನಿಂತ ಮಕ್ಕಳಂತೆ ನೆಟ್ಟಗಾದವು. "ದೇಖೋ ಆಂಟಿ, ಕಿತನಾ ಸುಂದರ್!" ಎಂದಳು. ತಂತಿಯ ಕ್ಲಿಪ್ ಬೇಕಾಗಿಲ್ಲ, ಪಾರದರ್ಶಕ ಪ್ಲಾಸ್ಟಿಕ್ಕಿನದು ಬರುತ್ತದೆ, ಹಾಕಿಕೊಂಡದ್ದು ಯಾರಿಗೂ ಗೊತ್ತಾಗುವುದಿಲ್ಲ ಎಂದೂ ಸೇರಿಸಿದಳು. ನಾನು ಬಿದ್ದದ್ದು ಈ ಕೊನೆಯ ಮಾತಿಗೆ. ಯಾರಿಗೂ ಗೊತ್ತಾಗದ ಹಾಗೆ ಚೆಂದವಾಗುವುದು ಎಂಬುದರಲ್ಲಿ ಎಂಥ ಮರ್ಯಾದಸ್ಥ ಆಸೆ ಇದೆ ನೋಡಿ.

ಸಂಸ್ಕೃತದಲ್ಲಿ ಹಲ್ಲಿಗೆ ದ್ವಿಜ ಎಂಬ ಹೆಸರೂ ಉಂಟು. ಎರಡು ಸಲ ಹುಟ್ಟುತ್ತದಲ್ಲ, ಹಾಲುಹಲ್ಲು ಬಿದ್ದು ಮತ್ತೆ. ಹಕ್ಕಿಗೂ ಅದೇ ಹೆಸರು, ಜನಿವಾರದವರಿಗೂ ಅದೇ. ಮೂರನೆಯ ಸಲ ಹುಟ್ಟಲು ಹೊರಟ ಹಲ್ಲಿಗೆ ಏನೆನ್ನಬೇಕೆಂದು ಯಾವ ಕೋಶವೂ ಹೇಳುವುದಿಲ್ಲ. ನಮ್ಮ ಹಳೆಯ ಕಾವ್ಯಗಳಲ್ಲಿ ಹೆಣ್ಣಿನ ಹಲ್ಲೆಂದರೆ ದಾಳಿಂಬೆಯ ಬೀಜ, ಮಲ್ಲಿಗೆಯ ಮೊಗ್ಗು. ಎಂ.ಎ. ಓದುವಾಗ ಇವನ್ನೆಲ್ಲ ಉರು ಹೊಡೆದು ಪಾಸಾದವಳು ನಾನು. ಆದರೆ ದಾಳಿಂಬೆಯನ್ನು ಒಡೆದು ನೋಡಿದವರಿಗೆ ಗೊತ್ತು: ಅದರ ಬೀಜಗಳು ಒಂದನ್ನೊಂದು ತಳ್ಳಿಕೊಂಡು, ಸಂದಿ ಸಿಕ್ಕಲ್ಲಿ ಅಡ್ಡಾದಿಡ್ಡಿ ಕೂತಿರುತ್ತವೆ. ಕವಿಗಳು ಹೊಗಳಿದ್ದು ನನ್ನ ಹಲ್ಲನ್ನೇ ಇರಬಹುದು. ಈ ಸಂಶೋಧನೆ ನನಗೆ ಹೊಳೆಯುವ ಹೊತ್ತಿಗೆ ಅಳತೆ ಕೊಟ್ಟು ಬಂದಾಗಿತ್ತು.

ಅಲೈನರ್ ಎಂದರೆ, ನೋಡಿಲ್ಲದವರಿಗಾಗಿ ಹೇಳುತ್ತೇನೆ, ಹಲ್ಲಿನ ಸಾಲಿಗೆ ತೊಡಿಸುವ ಒಂದು ಬಿಗಿ ಅಂಗಿ. ಮೇಲಿನ ಸಾಲಿಗೊಂದು, ಕೆಳಗಿನ ಸಾಲಿಗೊಂದು. ಕೆಲವು ದಿನಕ್ಕೊಮ್ಮೆ ಹಳೆಯ ಜೋಡಿ ತೆಗೆದು ಹೊಸ ಜೋಡಿ ಹಾಕಬೇಕು. ಹೊಸದು ಹಾಕಿದ ದಿನ ಹಲ್ಲಿನ ಬುಡಕ್ಕೆಲ್ಲ ನೋವು. ಮೆತ್ತಗಿನ ಅನ್ನವೂ ಕಲ್ಲಿನಂತೆ. ಊಟಕ್ಕೆ ಮಾತ್ರ ತೆಗೆಯಬಹುದು. ನೀರು ಬಿಟ್ಟು ಏನು ಕುಡಿಯುವುದಿದ್ದರೂ ತೆಗೆಯಬೇಕು. ಚಹಾ ಕುಡಿದರೆ ಅಂಗಿಗೆ ಕಲೆ. ತಿಂದಾದ ಮೇಲೆ ಹಲ್ಲು ಉಜ್ಜಿ ಮತ್ತೆ ಹಾಕಿಕೊಳ್ಳಬೇಕು. ಇಷ್ಟನ್ನು ಡಾಕ್ಟರು ಹೇಳಿದ್ದಳು. ಮಾತು ಏನಾಗುತ್ತದೆ ಎಂಬುದನ್ನು ಹೇಳಿರಲಿಲ್ಲ.

ಮನೆಗೆ ಬಂದು ಗಂಡನಿಗೆ, "ಹೆಂಗ ಕಾಣತೈತ್ರಿ, ಚಲೋ ಐತೇನು?" ಎಂದು ಕೇಳಿದೆ. ಬಾಯಿಂದ ಹೊರಬಂದದ್ದು ಚಲೋ ಅಲ್ಲ, "ತ್ಸಲೋ". ಅವರು ಪತ್ರಿಕೆಯಿಂದ ತಲೆ ಎತ್ತಿದರು. "ಇನ್ನೊಮ್ಮೆ ಅನ್ನು?" ಎಂದರು. ನಾನು ಜಾಣತನದಿಂದ "ಛಂದ ಐತೇನು" ಎಂದೆ. ಅದೂ "ತ್ಸಂದ" ಆಯಿತು. ಆ ವಾರವೇ ತಂಗಿ ಗದಗಿನಿಂದ ಫೋನ್ ಮಾಡಿದವಳು ಎರಡು ನಿಮಿಷ ನನ್ನ ಮಾತು ಕೇಳಿಸಿಕೊಂಡು, ದನಿ ಇಳಿಸಿ, "ಅಕ್ಕಾ, ಗೋವಾಕ್ಕ ಹೋಗಿ ಇಷ್ಟ ವರ್ಷ ಆತು, ಈಗ ಕುಡ್ಯಾಕ ಶುರು ಮಾಡಿದೇನು? ಮಾಮಾರಿಗೆ ಗೊತ್ತೈತಿ?" ಎಂದು ಕೇಳಿದಳು. ಮಧ್ಯಾಹ್ನದ ಹೊತ್ತು ಬೇರೆ.

ಇಲ್ಲಿ ನನ್ನ ಕೊಂಕಣಿಯ ಕಥೆಯನ್ನು ಸ್ವಲ್ಪ ಹೇಳಬೇಕು. ಮದುವೆಯಾಗಿ ಗೋವಾಕ್ಕೆ ಬಂದ ಹೊಸದರಲ್ಲೇ ನಾನು ಹಟ ಹಿಡಿದು ಕೊಂಕಣಿ ಕಲಿತೆ. ಶಬ್ದ ಗೊತ್ತು, ವ್ಯಾಕರಣ ಗೊತ್ತು, ಬೈಗುಳವೂ ಸ್ವಲ್ಪ ಗೊತ್ತು. ಆದರೆ ನಾನು ಬಾಯಿ ತೆರೆದು ಎರಡು ಶಬ್ದ ಆಡುವಷ್ಟರಲ್ಲಿ ಎದುರಿನವರು ಹಿಂದಿಗೆ ಹೊರಳಿಬಿಡುತ್ತಿದ್ದರು. ನಾನು ಕೊಂಕಣಿಯಲ್ಲಿ ಕೇಳುವುದು, ಅವರು ಹಿಂದಿಯಲ್ಲಿ ಹೇಳುವುದು. ಬಾಗಿಲು ತಟ್ಟಿದವಳನ್ನು ಬಹಳ ಮರ್ಯಾದೆಯಿಂದ ಕಟ್ಟೆಯ ಮೇಲೆಯೇ ಕೂಡಿಸಿ ಮಾತಾಡಿಸಿ ಕಳಿಸಿದಂತೆ. ಇದರಲ್ಲಿ ಬಯ್ಯುವುದಕ್ಕೂ ಏನಿಲ್ಲ. ಪಾಪ, ಅವರು ನನಗೆ ಅನುಕೂಲ ಮಾಡಿಕೊಡುತ್ತಿದ್ದರು.

ತಪ್ಪು ಎಲ್ಲಿತ್ತು ಎಂಬುದನ್ನು ನನ್ನ ಗಂಡ ಮೊದಲೇ ಕಂಡುಹಿಡಿದಿದ್ದರು. ಅವರು ಬೆಳಗಾವಿಯವರು, ಮರಾಠಿ ಕಿವಿ. ಕೊಂಕಣಿಯಲ್ಲಿ ಎರಡು ಬಗೆಯ ಚ ಇದೆ. ಒಂದು ನಮ್ಮದೇ ಚ. ಇನ್ನೊಂದು ನಾಲಗೆಯನ್ನು ಹಲ್ಲಿನ ಹಿಂದಕ್ಕೆ ಒತ್ತಿ ಗಾಳಿ ಬಿಡುವ "ತ್ಸ". ಜ ಕೂಡ ಹಾಗೆಯೇ, ಅದರಲ್ಲೊಂದು ಝೇಂಕರಿಸುವ ದುಂಬಿ ಕೂತಿರುತ್ತದೆ. ಹೆಚ್ಚು ಎಂಬ ಅರ್ಥದ "ಚಡ್" ಎಂಬ ಶಬ್ದವನ್ನು ಕೊಂಕಣಿಯವರು "ತ್ಸಡ್" ಎನ್ನುತ್ತಾರೆ, ನಾನು ಗದಗಿನ ಪೂರ್ತಿ ಚ ಹಾಕಿ ಚಡ್ಡಿಯ ಅಣ್ಣನಂತೆ "ಚಡ್" ಎನ್ನುತ್ತಿದ್ದೆ. "ನೀ ಕೊಂಕಣಿ ಮಾತಾಡಿದ್ರ ಜ್ವಾಳದ ರೊಟ್ಟಿ ಬಡದಂಗ ಕೇಳ್ತದ" ಎನ್ನುತ್ತಿದ್ದರು ಗಂಡ. ಶಾಲೆಯಲ್ಲಿ ವರ್ಣಮಾಲೆ ಕಲಿಸುವಾಗ ಚವರ್ಗ ತಾಲವ್ಯ, ತವರ್ಗ ದಂತ್ಯ ಎಂದು ಹೇಳಿಕೊಟ್ಟಿದ್ದರು. ಚ ಹುಟ್ಟುವುದು ಅಂಗುಳಿನಲ್ಲಿ, ತ ಹುಟ್ಟುವುದು ಹಲ್ಲಿನಲ್ಲಿ. ನನ್ನ ಚ ಹುಟ್ಟಿದ ಮನೆ ಬಿಟ್ಟು ಕದಲುತ್ತಿರಲಿಲ್ಲ. ಈಗ ಹಲ್ಲಿಗೂ ನಾಲಗೆಗೂ ನಡುವೆ ಒಂದು ಪ್ಲಾಸ್ಟಿಕ್ ಗೋಡೆ ಎದ್ದು, ಅಂಗುಳಿಗೆ ಹೊರಟ ನಾಲಗೆ ದಾರಿಯಲ್ಲೇ ತಡೆದು ನಿಲ್ಲತೊಡಗಿತು. ವರುಷಗಟ್ಟಲೆ ಗಂಡ ಕಲಿಸಲಾರದ್ದನ್ನು ಪ್ಲಾಸ್ಟಿಕ್ಕು ಕಲಿಸಿತು. ನನ್ನ ತಾಲವ್ಯಗಳೆಲ್ಲ ಸದ್ದಿಲ್ಲದೆ ದಂತ್ಯಗಳಾಗಿದ್ದವು.

ಇದು ನನಗೆ ತಿಳಿದದ್ದು ಮಾಪ್ಸಾದ ಶುಕ್ರವಾರದ ಸಂತೆಯಲ್ಲಿ. ಸೊಪ್ಪಿನವಳ ಹತ್ತಿರ ನಿಂತು, "ಚಡ್ ನಾಕಾ, ಏಕುಚ್ ಜುಡಿ ಜಾಯ್" ಎಂದೆ. ಹೆಚ್ಚು ಬೇಡ, ಒಂದೇ ಕಟ್ಟು ಸಾಕು ಎಂದು. ಆ ಪುಟ್ಟ ವಾಕ್ಯದಲ್ಲಿ ಎಷ್ಟು ಚ, ಎಷ್ಟು ಜ ಇವೆ ನೋಡಿ; ಹೊರಗಿನವರನ್ನು ಹಿಡಿಯಲೆಂದೇ ಯಾರೋ ಹೆಣೆದಂತಿದೆ. ಎಲ್ಲವೂ ತ್ಸ ತ್ಸ ಎಂದು, ದುಂಬಿ ಕೂಡಿಸಿಕೊಂಡು ಹೊರಬಂದವು. ಸೊಪ್ಪಿನವಳು ತಲೆ ಎತ್ತದೆಯೇ ಕೊಂಕಣಿಯಲ್ಲಿ ಉತ್ತರ ಕೊಟ್ಟಳು. ಅಷ್ಟೇ ಅಲ್ಲ, ಪಕ್ಕದಲ್ಲಿ ಕೂತವಳ ಸೊಸೆಯ ಬಗ್ಗೆ ಒಂದು ದೂರನ್ನೂ ಹೇಳಿದಳು. ಹಿಂದಿಯಲ್ಲಿ ಯಾರಾದರೂ ಸೊಸೆಯ ದೂರು ಹೇಳುತ್ತಾರೆಯೇ? ನಾನು ಹಿಗ್ಗಿ, ಹೆಚ್ಚು ಬೇಡ ಎಂದವಳು ಅವಳ ಬುಟ್ಟಿಯಲ್ಲಿದ್ದ ಕೆಂಪು ಹರಿವೆ ಅಷ್ಟನ್ನೂ ಕೊಂಡು ತಂದೆ.

ಒಂದೇ ತೊಡಕೆಂದರೆ, ಕೊಂಕಣಿಯ ಎಲ್ಲ ಚ ತ್ಸ ಅಲ್ಲ. ನಾಲ್ಕಕ್ಕೆ ಅವರು ನಮ್ಮ ಹಾಗೆಯೇ ಗಟ್ಟಿಯಾಗಿ "ಚಾರ್" ಎನ್ನುತ್ತಾರೆ. ಅದು ನನ್ನ ಬಾಯಲ್ಲಿ ಈಗ "ತ್ಸಾರ್". ಹಾಗಾಗಿ ಆ ತಿಂಗಳುಗಳಲ್ಲಿ ನಮ್ಮ ಮನೆಗೆ ನಿಂಬೆಹಣ್ಣು, ತೆಂಗಿನಕಾಯಿ, ಸೌತೆಕಾಯಿ ಎಲ್ಲವೂ ಮೂರು ಬರುತ್ತಿದ್ದವು, ಇಲ್ಲವೆ ಐದು.

ಈ ಸಂಭ್ರಮದ ನಡುವೆ ಮಗಳು ಮೇಘಾ ಒಂದು ಸಂಜೆ, ತನ್ನ ಜೊತೆ ಕೆಲಸ ಮಾಡುವ ಸರ್ವೇಶನನ್ನು ಮದುವೆಯಾಗುವುದಾಗಿ ಹೇಳಿದಳು. ಹುಡುಗ ನಮಗೆ ಗೊತ್ತಿದ್ದವನೇ, ಒಳ್ಳೆಯವನೇ. ಸಾಂಗೆಯ ಕೊಂಕಣಿ ಮನೆತನ. ತಂದೆ ಹಡಗಿನ ಕೆಲಸದಲ್ಲಿ ಸಮುದ್ರದ ಮೇಲೆ. ಮನೆಯಲ್ಲಿ ತಾಯಿ ಶಾಲಿನಿಬಾಯಿ ಮತ್ತು ಅಜ್ಜಿ. ತಾಯಿ ಇನ್ನೂ ಒಪ್ಪಿರಲಿಲ್ಲ. "ನೋಡಿ ಹೇಳ್ತೇನೆ" ಎಂದಿದ್ದರಂತೆ. ನೋಡುವುದೆಂದರೆ ಹುಡುಗಿಯನ್ನಲ್ಲ, ಹುಡುಗಿಯ ಮನೆಯವರನ್ನು. ಭಾನುವಾರ ಊಟಕ್ಕೆ ಕರೆದಿದ್ದರು.

ಮೇಘಾ ನನಗೆ ಸ್ಪಷ್ಟವಾಗಿಯೇ ಹೇಳಿದಳು: "ಮಮ್ಮೀ, ಅವರ ತಲಿಯಾಗ ಇರೂದು ಒಂದ. ಅವರದು ಮೀನ ತಿನ್ನೂ ಮನಿ, ನಮ್ಮದು ಅಲ್ಲ. ನಾವು ಅವರನ್ನ ಕೀಳ ಮಾಡಿ ನೋಡ್ತೇವಿ ಅಂತ ಅಂಜಿಕಿ ಅವರಿಗೆ. ಅಲ್ಲಿ ಏನ್ ಕೊಟ್ರೂ ತಿನ್ನು. ಬ್ಯಾಡ ಅಂತ ಮಾತ್ರ ಅನಬ್ಯಾಡ." ನಾನು ಹೂಂ ಎಂದೆ. ಆದರೆ ನನ್ನ ತಲೆಯೊಳಗಿದ್ದದ್ದು ಬೇರೆ. ಅವರ ಕಣ್ಣಿಗೆ ನಾವು ಘಾಂಟಿಗಳು. ಘಟ್ಟದ ಮೇಲಿನವರು ಎಂದಷ್ಟೇ ಆ ಶಬ್ದದ ಅರ್ಥ. ಹೇಳುವವರ ಮೂಗು ತುಸು ಮೇಲೆದ್ದರೆ ಅರ್ಥವೂ ತುಸು ಮೇಲಿನಿಂದ ಬೀಳುತ್ತದೆ. ನಾನು ಆ ಮನೆಯ ಹೊಸ್ತಿಲಲ್ಲಿ ನಿಂತು ಒಂದು ಶುದ್ಧ ತ್ಸ ಹಾರಿಸಿದರೆ ಸಾಕು, ಆ ಪ್ರಶ್ನೆಯೇ ಮುಗಿದುಹೋಗುತ್ತದೆ ಎಂದು ಲೆಕ್ಕ ಹಾಕಿದ್ದೆ. ಅಂಗಿ ಬಿಗಿಯಿದ್ದಷ್ಟೂ ತ್ಸ ಚೆನ್ನಾಗಿ ಬರುತ್ತದೆ ಎಂಬುದು ನನ್ನ ಅನುಭವ. ಆದ್ದರಿಂದ ಭಾನುವಾರ ಬೆಳಿಗ್ಗೆ ಹೊಸ ಜೋಡಿಯನ್ನೇ ತೊಟ್ಟುಕೊಂಡು ಹೊರಟೆ. ಊಟಕ್ಕೆ ಅದನ್ನು ತೆಗೆಯಬೇಕಾಗುತ್ತದೆ ಎಂಬುದು ಹೊಳೆಯಲಿಲ್ಲವೇ ಎಂದು ಮಗಳು ಇಂದಿಗೂ ಕೇಳುತ್ತಾಳೆ. ಹೊಳೆದಿತ್ತು ಎಂದೇ ನನ್ನ ನೆನಪು. ಹೊಳೆದಿದ್ದೂ ಹೊರಟೆನೆಂದರೆ ನಾನು ಅಹಂಕಾರಿ, ಹೊಳೆದಿರಲಿಲ್ಲ ಎಂದರೆ ದಡ್ಡಿ. ಎರಡರಲ್ಲಿ ಯಾವುದನ್ನು ಒಪ್ಪಿಕೊಳ್ಳಬೇಕೆಂದು ಇನ್ನೂ ತೀರ್ಮಾನಿಸಿಲ್ಲ.

ಶಾಲಿನಿಬಾಯಿ ಬಾಗಿಲಿಗೇ ಬಂದು ಕರೆದರು. ನನ್ನ ವಯಸ್ಸೇ ಇರಬೇಕು. ಹೊಸ ಸೀರೆ, ಗಾಬರಿಯ ಮುಖ. ನಾನು ಮೆಟ್ಟಿಲ ಮೇಲೆಯೇ ಶುರು ಮಾಡಿದೆ. ದಾರಿಯಲ್ಲಿ ಕಾರಿನ ಚಾವಿ ಸಿಕ್ಕಿಹಾಕಿಕೊಂಡದ್ದು, ಮುಂದೆ ಬರುವ ಚವಥಿಯ ಹಬ್ಬ, ಹೀಗೆ ತ್ಸ ಇರುವ ಶಬ್ದಗಳನ್ನೆಲ್ಲ ಆರಿಸಿ ಆರಿಸಿ ಇಟ್ಟುಕೊಂಡಿದ್ದೆ. ಚಾವಿಗೆ ಏನೂ ಆಗಿರಲಿಲ್ಲ. ಗಂಡ ನನ್ನತ್ತ ತಿರುಗಿ ನೋಡಿದರು. ಶಾಲಿನಿಬಾಯಿಯ ಮುಖ ಅರಳಿತು. "ತುಮ್ಚಿ ಕೊಂಕಣಿ ಬರಿ ಮಗೊ!" ಎಂದರು. ನಿಮ್ಮ ಕೊಂಕಣಿ ಎಷ್ಟು ಚೆನ್ನಾಗಿದೆ ಎಂದು. ನಾನು ಗೆದ್ದೆ ಎಂದುಕೊಂಡೆ.

ಚಹಾ ಬಂತು. ನಾನು ನಾಕಾ ಎಂದೆ. ಅವರು ಇನ್ನೊಮ್ಮೆ ಹೇಳಿದರು, ನಾನು ಇನ್ನೂ ಚೆಂದದ ಕೊಂಕಣಿಯಲ್ಲಿ ಇನ್ನೊಮ್ಮೆ ಬೇಡ ಎಂದೆ. ನನ್ನ ಮುಂದಿನ ಕಪ್ಪಿನಲ್ಲಿ ಕೆನೆ ಕಟ್ಟುತ್ತಿತ್ತು, ನಾನು ಮಾತಾಡುತ್ತಲೇ ಇದ್ದೆ. ಶಾಲಿನಿಬಾಯಿ ನನ್ನ ಮಾತಿಗೆ ತಲೆಯಾಡಿಸುತ್ತ ಆ ಕಪ್ಪನ್ನೇ ನೋಡುತ್ತಿದ್ದರು. ಮಗಳು ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ನಾನು ಕಾಲು ಸರಿಸಿಕೊಂಡೆ.

ಊಟಕ್ಕೆ ಎದ್ದೆವು. ತಾಟಿನ ಸುತ್ತ ಬಟ್ಟಲುಗಳು. ಈರುಳ್ಳಿ ಕೂಡ ಇಲ್ಲದ, ದೇವರ ದಿನದ ಸಸ್ಯಾಹಾರಕ್ಕೆ ಅವರು ಶಿವ್ರಾಕ್ ಎನ್ನುತ್ತಾರೆ. "ಸಗ್ಳೆಂ ಶಿವ್ರಾಕ್", ಎಲ್ಲವೂ ಶಿವ್ರಾಕ್, ಎಂದು ಶಾಲಿನಿಬಾಯಿ ನನಗೊಬ್ಬಳಿಗೇ ಹೇಳುವಂತೆ ಹೇಳಿದರು. ಬಚ್ಚಲಿಗೆ ಹೋಗಿ ಅಂಗಿ ಕಳಚಿಟ್ಟು ಬಂದಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಕಳಚಿದ ಮೇಲೆ ಊಟದುದ್ದಕ್ಕೂ ಮಾತಾಡಬೇಕಾದವಳು ಗದಗಿನವಳಲ್ಲವೇ? ಮಗಳ ಮದುವೆಯ ಮಾತಿಗೆ ಬಂದ ತಾಯಿ ತನ್ನ ಹಲ್ಲಿನ ಶೃಂಗಾರ ಮಾಡಿಸಿಕೊಳ್ಳುತ್ತಿದ್ದಾಳೆ ಎಂದು ಹೇಳುವುದಾದರೂ ಹೇಗೆ? "ನಾನು ಆಮೇಲೆ ಕೂತುಕೊಳ್ಳುತ್ತೇನೆ" ಎಂದೆ. ಮೂಲೆಯ ಕುರ್ಚಿಯಲ್ಲಿದ್ದ ಅಜ್ಜಿ ಅಲ್ಲಿಂದಲೇ ಕೂಗಿದರು, "ಉಪಾಸ್ ಗೊ?"

ಮುಳುಗುವವಳಿಗೆ ಕಂಬ ಸಿಕ್ಕಿತು. "ವ್ಹಯ್, ಉಪಾಸ್" ಎಂದೆ.

ಗಂಡ ಆಗಲೇ ಎರಡನೆಯ ತುತ್ತಿನಲ್ಲಿದ್ದರು. ಅವರು ನಿಜವಾಗಿಯೂ ಆಶ್ಚರ್ಯಪಟ್ಟು ಕನ್ನಡದಲ್ಲಿ, "ಉಪವಾಸ? ಮುಂಜಾನೆ ಇಡ್ಲಿ ತಿಂದೀಯಲ್ಲ? ನನ್ನ ತಾಟಿನಾಗಿಂದೂ ಒಂದು ತಗೊಂಡಿ" ಎಂದರು. ಆ ಮನೆಯಲ್ಲಿ ಯಾರಿಗೂ ಕನ್ನಡ ಬರುವುದಿಲ್ಲ. ಆದರೆ ಇಡ್ಲಿ ಎಲ್ಲ ಭಾಷೆಯಲ್ಲೂ ಇಡ್ಲಿಯೇ.

ಫ್ಯಾನಿನ ಸದ್ದು ಕೇಳುವಷ್ಟು ಮೌನ ಎಂದು ನಾನು ಹೇಳುತ್ತೇನೆ. ಕರೆಂಟು ಹೋಗಿತ್ತು, ಫ್ಯಾನೇ ಇರಲಿಲ್ಲ ಎಂದು ಮಗಳು ಹೇಳುತ್ತಾಳೆ. ಶಾಲಿನಿಬಾಯಿ ಎದ್ದು ಒಳಗೆ ಹೋದರು. ಬರುವಾಗ ಅವರ ಕೈಯಲ್ಲಿ ಅಡಿಗೆ ಮಾಡಿದ್ದ ಪಾತ್ರೆ ಇತ್ತು. ಅದನ್ನು ಸ್ವಲ್ಪ ಓರೆ ಮಾಡಿ ನನಗೆ ಅದರ ತಳ ತೋರಿಸಿದರು. ಅಂಗಡಿಯ ಸ್ಟಿಕ್ಕರು ಅರ್ಧ ಸುಟ್ಟು ಇನ್ನೂ ಅಂಟಿಕೊಂಡಿತ್ತು. "ನವೆಂ ಆಯ್ದನ್," ಎಂದರು ಮೆಲ್ಲಗೆ. "ನುಸ್ತೆಂ ಲಾಗೂಂಕ್ ನಾ." ಹೊಸ ಪಾತ್ರೆ, ಮೀನು ಮುಟ್ಟಿಲ್ಲ.

ಮಗಳ ಕಡೆ ನೋಡುವ ಧೈರ್ಯವಾಗಲಿಲ್ಲ. ಅವಳು ತಾಟಿನಲ್ಲಿ ಅನ್ನವನ್ನು ಸುಮ್ಮನೆ ಕಲಸುತ್ತಿದ್ದದ್ದು ಮಾತ್ರ ಕಂಡಿತು. ನಾನು ಇಲ್ಲಿಗೆ ಬಂದದ್ದು ಅವರು ನನ್ನನ್ನು ಕೀಳು ಮಾಡಬಾರದೆಂದು; ಆ ಹೆಂಗಸು ವಾರವಿಡೀ ಸಿದ್ಧವಾದದ್ದು ನಾನು ಅವರನ್ನು ಕೀಳು ಮಾಡಬಾರದೆಂದು. ಇಬ್ಬರೂ ಒಂದೇ ಅಂಜಿಕೆಯನ್ನು ಬೇರೆ ಬೇರೆ ಬಾಗಿಲಲ್ಲಿ ನಿಂತು ಕಾಯುತ್ತಿದ್ದೆವು.

ಅಲೈನರನ್ನು ಚೆಂದವಾಗಿ ತೆಗೆಯುವ ವಿಧಾನ ಇಲ್ಲ. ಹಿಂದಿನ ದವಡೆಗೆ ಎರಡು ಬೆರಳು ಹಾಕಿ, ಉಗುರಿನಿಂದ ಎಬ್ಬಿಸಿ, ಮುಖವನ್ನು ಸೊಟ್ಟ ಮಾಡಿ ಎಳೆಯಬೇಕು. ಕನ್ನಡಿಯ ಮುಂದೆ ಒಬ್ಬಳೇ ಇದ್ದಾಗಲೂ ನಾನು ಆಗ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಅಲ್ಲಿ, ಬೀಗರಾಗಬೇಕಾದವರ ಊಟದ ಮೇಜಿನ ಮುಂದೆ, ಮೇಲಿನದನ್ನು ಎಳೆದೆ. ಚಟ್ ಎಂದು ಬಂತು, ಹಿಂದೆ ಒಂದು ಉದ್ದನೆಯ ಜೊಲ್ಲಿನ ಎಳೆಯೊಂದಿಗೆ. ಕೆಳಗಿನದನ್ನೂ ಎಳೆದೆ. ಎರಡನ್ನೂ ಕರವಸ್ತ್ರದ ಮೇಲೆ ಇಟ್ಟು, "ಹಾಂವ್ ಚುಕ್ಲೆಂ" ಎಂದೆ. ನಾನು ತಪ್ಪಿದೆ ಎಂದು. ಆ ಚ ಗದಗಿನ ಬಸ್‌ಸ್ಟ್ಯಾಂಡಿನಿಂದ ನೇರ ಬಂದಿಳಿದಂತಿತ್ತು.

ಶಾಲಿನಿಬಾಯಿ ಆ ಪ್ಲಾಸ್ಟಿಕ್ಕನ್ನು ನೋಡಿದರು, ನನ್ನನ್ನು ನೋಡಿದರು, ಒಂದು ಕ್ಷಣವೂ ತಡಮಾಡದೆ ಹಿಂದಿಯಲ್ಲಿ, "ಅರೇ ದೀದಿ, ಯೇ ಕ್ಯಾ ಹೈ?" ಎಂದರು.

ಹೇಳಿದೆ. ಹಲ್ಲು, ಡಾಕ್ಟರು, ತ್ಸ, ಸೊಪ್ಪಿನವಳು, ಎಲ್ಲವನ್ನೂ ನನ್ನ ರೊಟ್ಟಿ ಬಡಿಯುವ ಕೊಂಕಣಿಯಲ್ಲೇ ಹೇಳಿದೆ. ನಾಲ್ಕರ ಬದಲು ಐದು ನಿಂಬೆಹಣ್ಣು ತರುವ ಸುದ್ದಿಗೆ ಸರ್ವೇಶ ನಗು ತಡೆಯಲಾರದೆ ಕೆಮ್ಮಿದ. ಅಜ್ಜಿ ಕುರ್ಚಿಯನ್ನು ಹತ್ತಿರ ಎಳೆಸಿಕೊಂಡು, ಕರವಸ್ತ್ರದ ಮೇಲಿದ್ದದ್ದನ್ನು ಬಗ್ಗಿ ನೋಡಿ, ತಮ್ಮ ಬಾಯಿಗೂ ಕೈ ಹಾಕಿ ಮೇಲಿನ ಕಟ್ಟಿಸಿದ ಹಲ್ಲಿನ ಸೆಟ್ಟನ್ನು ಕಳಚಿ ಅದರ ಪಕ್ಕದಲ್ಲಿಟ್ಟರು. "ಹೆಂ ಮ್ಹಜೆಂ" ಎಂದರು. ಇದು ನನ್ನದು. ಸೆಟ್ಟು ಮೇಜಿಗೆ ತಾಗಿದ ಕಟ್ ಎಂಬ ಸದ್ದು ನನಗೆ ಬಹಳ ಸ್ಪಷ್ಟವಾಗಿ ನೆನಪಿದೆ. ಅಷ್ಟು ಸ್ಪಷ್ಟವಾಗಿ ನೆನಪಿರುವುದರಿಂದಲೇ ನನಗೆ ಅನುಮಾನ. ಅಜ್ಜಿ ಬರೀ ಬೆರಳು ಮಾಡಿ ತೋರಿಸಿದರು ಎಂಬುದು ಗಂಡನ ಹೇಳಿಕೆ. ಗಂಡ ಆಗ ತಾಟಿನಿಂದ ತಲೆ ಎತ್ತಿರಲಿಲ್ಲ ಎಂಬುದು ನನ್ನದು.

ಶಾಲಿನಿಬಾಯಿ ನಗುತ್ತಲೇ ನನಗೆ ಬಡಿಸಿದರು. ಖತಖತೆ ಎಂದು ಅವರಲ್ಲಿ ಹಬ್ಬದ ದಿನ ಮಾಡುವ ಒಂದು ಹುಳಿ, ಹಲವು ತರಕಾರಿ ಹಾಕಿ ತೆಂಗಿನಕಾಯಿ ಅರೆದು ಕುದಿಸಿದ್ದು. ಅದರಲ್ಲಿ ಗೋವಿನಜೋಳದ ತೆನೆಯ ತುಂಡುಗಳೂ ಇರುತ್ತವೆ. ಗೋವಿನಜೋಳಕ್ಕೂ ಗೋವಿಗೂ ಸಂಬಂಧವಿಲ್ಲ, ಅದು ಗೋವೆಯ ಜೋಳ, ಇಲ್ಲಿಂದ ಘಟ್ಟ ಹತ್ತಿ ನಮ್ಮ ಕಡೆ ಬಂದದ್ದು ಎಂದು ಕಾಲೇಜಿನಲ್ಲಿ ಯಾರೋ ಮೇಷ್ಟ್ರು ಹೇಳಿದ ನೆನಪು. ಮೇಷ್ಟ್ರು ಹೇಳಿದ್ದೋ ನಾನು ಆಮೇಲೆ ಕಟ್ಟಿಕೊಂಡಿದ್ದೋ ಗೊತ್ತಿಲ್ಲ. ಆ ಹೊತ್ತಿಗೆ ಅದು ನಿಜವಾಗಲಿ ಎನಿಸಿತು. ಇಷ್ಟೆಲ್ಲ ಆದ ಮೇಲೆ ಏನನ್ನೂ ಬದಿಗೆ ಸರಿಸಬಾರದೆಂದು 'ಕಟ್' ಎಂದು ತೆನೆಯನ್ನೇ ಮುಂದಿನ ಹಲ್ಲಿನಿಂದ ಕಚ್ಚಿದೆ.

ಹೊಸ ಜೋಡಿ ತೊಟ್ಟ ದಿನ ಎಂದು ಹೇಳಿದೆನಲ್ಲ. ನೋವು ಹಲ್ಲಿನ ಬುಡದಿಂದ ನೆತ್ತಿಗೆ ಹೋಯಿತು. ಕಣ್ಣಿಂದ ನೀರು ದಳದಳ ಇಳಿಯಿತು. ತಡೆಯಬೇಕೆಂದರೂ ಆಗಲಿಲ್ಲ. ಬಿಟ್ಟರೆ ಮತ್ತೆ ತಪ್ಪು ತಿಳಿದಾರೆಂದು, ಅಳುತ್ತಲೇ ಆ ತುಂಡನ್ನು ಪೂರ್ತಿ ಮುಗಿಸಿದೆ. ಶಾಲಿನಿಬಾಯಿ ಬಡಿಸುವ ಸೌಟನ್ನು ಕೆಳಗಿಟ್ಟರು. ಅವರ ಕಣ್ಣಲ್ಲೂ ನೀರು. ನನ್ನ ಎಂಜಲು ಕೈಯನ್ನೇ ಹಿಡಿದುಕೊಂಡು, "ರಡಾ ನಾಕಾ ಮಗೊ, ರಡಾ ನಾಕಾ" ಎಂದರು. ಅಳಬೇಡಿ ಎಂದು. ಆಮೇಲೆ ಮೇಘಾಳ ಕಡೆ ತಿರುಗಿ, ಅವಳ ತಾಟಿಗೆ ಇನ್ನಷ್ಟು ಅನ್ನ ಹಾಕಿ, ಮದುವೆಯನ್ನು ಚವಥಿ ಮುಗಿದ ಮೇಲೆ ಇಟ್ಟುಕೊಳ್ಳೋಣವೇ ಎಂದು ನನ್ನ ಗಂಡನನ್ನು ಕೇಳಿದರು.

ಅದು ಹಲ್ಲುನೋವು ಎಂದು ನಾನು ಹೇಳಲಿಲ್ಲ. ಮೊದಲು, ಹೇಳುವ ಸಂದರ್ಭವಲ್ಲ ಎಂದು. ಆಮೇಲೆ, ಹೇಳಿದರೆ ಅವರಿಗೆ ಬೇಸರವಾದೀತೆಂದು. ಈಗ ಹೇಳಬೇಕೆಂದರೂ ಹೇಳಲಾರೆ, ಯಾಕೆಂದರೆ ನನಗೇ ಖಾತ್ರಿಯಿಲ್ಲ. ನೋವಿನಿಂದ ಅಷ್ಟು ನೀರು ಬರುತ್ತದೆಯೇ? ಆ ದಿನದ ದಿನಚರಿಯಲ್ಲಿ, "ಒಪ್ಪಿದರು. ಹಲ್ಲು ಭಾರಿ ನೋವು" ಎಂದಿದೆ. ಬರೆದವಳು ನಂಬಿಕೆಗೆ ಅರ್ಹಳೇ ಎಂಬುದು ಬೇರೆ ಪ್ರಶ್ನೆ.

ಮದುವೆಯಾಗಿ ಈಗ ಎರಡನೆಯ ವರ್ಷ. ನನ್ನ ಹಲ್ಲು ಸಾಲಾಗಿ ನಿಂತಿವೆ. ಕಂಪ್ಯೂಟರಿನಲ್ಲಿ ತೋರಿಸಿದಷ್ಟು ನೆಟ್ಟಗಲ್ಲ, ಹೆಡ್‌ಮಾಸ್ತರರು ಅತ್ತ ತಿರುಗಿದ ಮೇಲಿನ ಸಾಲಿನಷ್ಟು. ರಾತ್ರಿ ಮಲಗುವಾಗ ಮಾತ್ರ ಅಂಗಿ. ಹಗಲಿನಲ್ಲಿ ನನ್ನ ಚ ಮತ್ತೆ ಅಂಗುಳಿಗೆ ಮರಳಿದೆ, ಬೀಗಿತ್ತಿಯ ಜೊತೆ ಅದರಲ್ಲೇ ಗಂಟೆಗಟ್ಟಲೆ ಮಾತು ನಡೆಯುತ್ತದೆ. ನಾವು ಸಾಂಗೆಗೆ ಹೋಗುವ ದಿನ ಗೊತ್ತಾದರೆ ಸಾಕು, ಅವರು ಎಲ್ಲಿಂದಾದರೂ ಗೋವಿನಜೋಳ ಹುಡುಕಿ ತಂದು ಖತಖತೆ ಮಾಡಿಯೇ ಇಡುತ್ತಾರೆ. ನಾನು ಅದನ್ನು ತಿಂದು ಅತ್ತವಳಲ್ಲವೇ?

ಹೋದ ತಿಂಗಳು ಹೋದಾಗ ತೆನೆಯ ತುಂಡನ್ನು ಕಚ್ಚಿದೆ. ಹಲ್ಲು ಈಗ ಗಟ್ಟಿ, ಒಂದಿಷ್ಟೂ ನೋಯಲಿಲ್ಲ. ಶಾಲಿನಿಬಾಯಿ ಎದುರಿಗೆ ಕೂತು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಎರಡನೆಯ ತುಂಡನ್ನೂ ಒಣ ಕಣ್ಣಿನಲ್ಲಿ ಮುಗಿಸಿದಾಗ ಅವರ ಮುಖ ಸಣ್ಣದಾಯಿತು. "ಬರೆಂ ಜಾವಂಕ್ ನಾ?" ಎಂದು ಕೇಳಿದರು. ಈ ಸಲ ಚೆನ್ನಾಗಿ ಆಗಿಲ್ಲವೇ ಎಂದು.

ನಾನು ಉಪ್ಪಿನ ಪಕ್ಕದಲ್ಲಿದ್ದ ಹಸಿಮೆಣಸಿನಕಾಯಿಯನ್ನು, ತೊಟ್ಟಿನವರೆಗೂ, ಒಂದೇ ಸಲಕ್ಕೆ ಕಚ್ಚಿದೆ. ಕಣ್ಣು ತುಂಬಿ ಬಂತು. ಅವರು ನಿಟ್ಟುಸಿರು ಬಿಟ್ಟು, ಸಮಾಧಾನದಿಂದ, ನನ್ನ ತಾಟಿಗೆ ಇನ್ನೆರಡು ತುಂಡು ಹಾಕಿದರು.